ಹೆಸರು ಕೂಗದ ಮೇಟ್

ಅವರು ಯಾರನ್ನೂ ದೂರದಿಂದ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ನನ್ನ ಕುರ್ಚಿಗೂ ಅವರ ಕುರ್ಚಿಗೂ ನಡುವೆ ಹೆಚ್ಚೆಂದರೆ ಹತ್ತು ಹೆಜ್ಜೆ. ಏನಾದರೂ ಹೇಳುವುದಿದ್ದರೆ ಎದ್ದು ಬರುತ್ತಿದ್ದರು. ಮೇಜಿನ ಅಂಚನ್ನು ಬೆರಳಿನಿಂದ ಎರಡು ಸಲ ತಟ್ಟಿ, ನಾನು ತಲೆ ಎತ್ತಿದ ಮೇಲೆಯೇ ಬಾಯಿ ಬಿಡುತ್ತಿದ್ದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ಇದು ತಮಾಷೆಯಾಗಿತ್ತು.

"ಅಲ್ಲಿಂದ್ಲೇ ಕರೀರಲ್ರಿ ಸಾರ್, ಕಾಲು ನೋಯಲ್ಲೇನು?" ಎಂದೆ ಒಮ್ಮೆ.

"ಕೂಗಿದ್ರ ಯಾರು ಓ ಅಂತಾರ ಅನ್ನೋದು ಗೊತ್ತಾಗಲ್ಲ ತಂಗಿ," ಅಂದರು. ನಗಲಿಲ್ಲ. ಆ ಕೋಣೆಯಲ್ಲಿ ನಮ್ಮಿಬ್ಬರನ್ನು ಬಿಟ್ಟರೆ ಓ ಎನ್ನುವುದಕ್ಕೆ ಮೂರನೆಯವರೇ ಇರಲಿಲ್ಲ.

ಹಾಗಾಗಿ ಇಲ್ಲೂ ಅವರ ಹೆಸರು ಬರೆಯುವುದಿಲ್ಲ. ಸಂಡೂರಿನ ಗುಡ್ಡದ ಮೇಲಿನ ಒಂದು ಅದಿರು ಗಣಿಯಲ್ಲಿ ನಾಲ್ಕು ವರ್ಷ ಅವರ ಜೊತೆ ಕೆಲಸ ಮಾಡಿದೆ. ಅವರ ಮುಂದೆ ಹೇಳಲೇಬೇಕಾಗಿದ್ದ ಒಂದು ಮಾತನ್ನು ಹೇಳದೇ ಉಳಿದೆ. ಹೋದ ತಿಂಗಳು ಅವರು ತೀರಿಕೊಂಡರು.

ಅವರು ಮೊದಲು ಕಂಪ್ಯೂಟರಿನವರೇ ಅಲ್ಲ. ಇಪ್ಪತ್ತು ವರ್ಷ ಬ್ಲಾಸ್ಟಿಂಗ್ ಮೇಟ್ ಆಗಿದ್ದವರು. ಬಂಡೆಗೆ ತೂತು ಕೊರೆಸಿ, ಮದ್ದು ತುಂಬಿಸಿ, ಗಣಿಯ ಗುಂಡಿಯಿಂದ ಮಂದಿಯನ್ನೆಲ್ಲ ಹೊರಗೆ ಕಳಿಸಿ, ಮಧ್ಯಾಹ್ನ ಮೂರೂವರೆಗೆ ಸಿಡಿಸುವ ಕೆಲಸ. ಎಡಗಿವಿಯ ತಮಟೆ ಹೋದ ಮೇಲೆ ಡಾಕ್ಟರು ಸಿಡಿತದ ಹತ್ತಿರ ಹೋಗಬಾರದೆಂದರು. ಗೇಟಿನ ಪಕ್ಕದಲ್ಲಿ ಹಾಜರಿ ಹಿಡಿಯುವ ಟೈಮ್ ಆಫೀಸಿಗೆ ಹಾಕಿದರು. ಅಲ್ಲಿ ಧೂಳು ಹಿಡಿಯುತ್ತಾ ಕೂತಿದ್ದ ಕಂಪ್ಯೂಟರನ್ನು ಅವರೇ ಒರೆಸಿ, ಅವರೇ ಚಾಲೂ ಮಾಡಿ, ಹೊಸಪೇಟೆಯಿಂದ ಒಂದು ಹಳೆಯ ಪುಸ್ತಕ ತಂದು ಜಾವಾಸ್ಕ್ರಿಪ್ಟ್ ಕಲಿತರು. ವೆಬ್ ಪುಟದ ಮೇಲೆ ಅಂಕಿ ಬದಲಾಗಬೇಕು, ಬಣ್ಣ ಬದಲಾಗಬೇಕು ಎಂದರೆ ಬರೆಯುವ ಭಾಷೆ ಅದು. ಕಂಪ್ಲಿಯಿಂದ ಬಂದು ಹೊಸಪೇಟೆಯಲ್ಲಿ ಮೂರು ವರ್ಷ ಕಂಪ್ಯೂಟರ್ ಓದಿ ಡಿಗ್ರಿ ಹಿಡಿದುಕೊಂಡು ಹೋದ ನನಗೆ, ಈ ಮದ್ದಿನ ಮನುಷ್ಯ ಪಾಠ ಹೇಳುವುದೇ ಎಂದು ಮೊದಲ ವಾರ ಮೂಗು ಮುರಿದೆ. ಎರಡನೆಯ ವಾರದಿಂದ ನೋಟ್ಸ್ ಬರೆದುಕೊಂಡೆ.

ಅವರ ಮೊದಲ ಪಾಠ ಬೇಲಿಯದ್ದು. ಏನು ಬರೆದರೂ ಮೊದಲು ಒಂದು ಬ್ರಾಕೆಟ್ ತೆರೆಯಬೇಕು. ಒಳಗೆ ಹೆಸರೇ ಇಲ್ಲದ ಒಂದು ಫಂಕ್ಷನ್, ಅಂದರೆ ಒಂದು ಕೆಲಸದ ಕಟ್ಟು. ಬರೆಯುವುದೆಲ್ಲ ಆ ಕಟ್ಟಿನೊಳಗೇ. ಕೊನೆಗೆ ಬ್ರಾಕೆಟ್ ಮುಚ್ಚಿ, ಅದರ ಹಿಂದೆ ಇನ್ನೊಂದು ಖಾಲಿ ಬ್ರಾಕೆಟ್.

"ಆ ಖಾಲಿ ಬ್ರಾಕೆಟ್ ಐತಲ್ಲ, ಅದು ಬತ್ತಿ," ಎನ್ನುತ್ತಿದ್ದರು. "ಯಾರೂ ಕರಿಯೋದು ಬ್ಯಾಡ. ಕಂಪ್ಯೂಟರ್ ಅಲ್ಲೀತನಕ ಓದಿಕೊಂತ ಬಂತು ಅಂದ್ರ ತಾನ ಹೊತ್ಕೊಂತೈತಿ. ಕೆಲಸ ಆತು. ಒಳಗಿನ ಹೆಸರು ಒಳಗ ಉಳೀತಾವು. ಹೊರಗಿನವ್ರಿಗೆ ಕಾಣಂಗಿಲ್ಲ, ಅವಕ್ಕ ಹೊರಗಿಂದು ತಾಕಂಗಿಲ್ಲ."

"ಕಂಡ್ರ ಏನಾತ್ರಿ?"

"ನಿಮ್ಮ ಓಣ್ಯಾಗ ಎಷ್ಟು ಮನ್ಯಾಗ ಪುಟ್ಟ ಅದಾನ? ಮನಿಯೊಳಗ ನಿಂತು ಪುಟ್ಟಾ ಅಂದ್ರ ನಿಮ್ಮವ ಬರ್ತಾನ. ಓಣ್ಯಾಗ ನಿಂತು ಅಂದ್ರ?"

"ಎಲ್ಲಾ ಪುಟ್ಟಗಳೂ ಬರ್ತಾವು."

"ಮಂದಿ ಹಂಗ ಬರ್ತಾರ. ಕಂಪ್ಯೂಟರ್‌ನ್ಯಾಗ ಹಂಗಲ್ಲ. ಅಲ್ಲಿ ಓಣಿಗೆ ಒಬ್ಬನ ಪುಟ್ಟ. ಎರಡನೇದವ ಬಂದ್ರ ಮೊದಲನೇದವ ಇಲ್ಲ."

'ಇಲ್ಲ' ಎನ್ನುವಾಗ ಅಂಗೈಯನ್ನು ಮೇಜಿನ ಮೇಲಿಟ್ಟು ಕೆಂಪು ಧೂಳನ್ನು ಒಂದೇ ಸಲಕ್ಕೆ ಒರೆಸಿದರು.

ಈ ಪಾಠ ಅವರಿಗೆ ಪುಸ್ತಕದಿಂದ ಬಂದದ್ದಲ್ಲ ಎಂದು ನನಗೆ ತಿಳಿದದ್ದು ಒಂದು ವರ್ಷದ ಮೇಲೆ. ಅದನ್ನು ಅವರು ಹೇಳಿದ್ದು ಒಂದೇ ಸಲ, ಊಟದ ಡಬ್ಬಿ ಮುಚ್ಚುತ್ತಾ. ಅವರು ಮೇಟ್ ಆಗಿದ್ದ ಹೊಸದರಲ್ಲಿ, ಸಿಡಿಸುವ ಮುಂಚೆ ಗುಂಡಿಯ ಅಂಚಿನಲ್ಲಿ ನಿಂತು ಕೆಳಗಿನವರ ಹೆಸರನ್ನು ಒಂದೊಂದಾಗಿ ಕೂಗುವುದು ವಾಡಿಕೆಯಾಗಿತ್ತಂತೆ. ಮೇಲೆ ಬಂದವರು ಓ ಎನ್ನಬೇಕು. ನಮ್ಮ ಕಡೆ ಹುಲುಗಪ್ಪ ಎಂಬ ಹೆಸರಿಗೆ ಬರವೇ ಇಲ್ಲ. ಆ ದಿನ ಇವರು "ಹುಲುಗಪ್ಪಾ, ಬಂದ್ಯೇನಲೇ?" ಎಂದರು. "ಬಂದೀನ್ರೀ" ಎಂಬ ದನಿ ಬಂತು. ಆದರೆ ಆ ಪಾಳಿಗೆ ಇನ್ನೊಬ್ಬ ಹುಲುಗಪ್ಪನನ್ನು ಬೆಳಿಗ್ಗೆಯಷ್ಟೇ ಹಾಕಿದ್ದರು. ಅವನು ಕೆಳಗೇ ಇದ್ದ.

"ಓ ಅಂದವ ಸುಳ್ಳು ಹೇಳಿಲ್ಲ. ನಾನೂ ಸುಳ್ಳು ಹೇಳಿಲ್ಲ," ಅಂದರು. ಡಬ್ಬಿಯನ್ನು ಚೀಲಕ್ಕೆ ಹಾಕಿ, ಕೈ ತೊಳೆಯಲು ಹೋದವರು ಬಹಳ ಹೊತ್ತು ಬರಲಿಲ್ಲ.

ಅದಾದ ಮೇಲೆ ಅವರೇ ಮೇಲಿನವರ ಬೆನ್ನು ಹತ್ತಿ ಹಿತ್ತಾಳೆ ಬಿಲ್ಲೆಗಳನ್ನು ಮಾಡಿಸಿದ್ದರು. ಟೈಮ್ ಆಫೀಸಿನ ಗೋಡೆಗೆ ಮರದ ಒಂದು ದೊಡ್ಡ ಹಲಗೆ. ಅದರ ಮೇಲೆ ಸಾಲಾಗಿ ಮೊಳೆ. ಮೊಳೆಗೊಂದು ನಂಬರು, ನಂಬರಿಗೊಂದು ಬಿಲ್ಲೆ. ಗುಂಡಿಗೆ ಇಳಿಯುವವರು ತಮ್ಮ ಬಿಲ್ಲೆ ತೆಗೆದುಕೊಂಡು ಹೋಗಬೇಕು, ಮೇಲೆ ಬಂದು ಮತ್ತೆ ತೂಗುಹಾಕಬೇಕು. ಖಾಲಿ ಮೊಳೆ ಕಂಡರೆ ಒಬ್ಬರು ಕೆಳಗಿದ್ದಾರೆ ಎಂದೇ ಅರ್ಥ. ಮುಂದೆ ಕಾರ್ಡು ಉಜ್ಜುವ ಯಂತ್ರ ಬಂದು, ಒಳಗಿರುವವರ ಲೆಕ್ಕ ಗೇಟಿನ ಟಿವಿಯ ಮೇಲೆ ಕಾಣುವಂತಾಯಿತು. ಆ ಪುಟವನ್ನು ಬರೆದವರು ಅವರೇ. ಹೀಗಿದ್ದೂ ಪ್ರತಿದಿನ ಮೂರೂ ಇಪ್ಪತ್ತಕ್ಕೆ ಒಳಗಿನ ನಮ್ಮ ಕಂಪ್ಯೂಟರ್ ಕೋಣೆಯಿಂದ ಎದ್ದುಹೋಗಿ ಹಲಗೆಯ ಮುಂದೆ ನಿಂತು, ಮೊಳೆಗಳ ಮೇಲೆ ಬೆರಳಾಡಿಸುವುದನ್ನು ಬಿಟ್ಟಿರಲಿಲ್ಲ. ಮ್ಯಾನೇಜರು ಇದಕ್ಕೆ ಪೂಜೆ ಎಂದು ಹೆಸರಿಟ್ಟಿದ್ದರು.

ಅವರ ಇನ್ನೊಂದು ಹಟ ಒಂದು ರಿಜಿಸ್ಟರ್. ಮದ್ದಿನ ಮನೆಯಲ್ಲಿ ಪ್ರತಿ ಕಡ್ಡಿಗೂ ಬರೆಯುತ್ತಿದ್ದ ಹಾಗೆ, ಫೈಲಿನಲ್ಲಿ ಒಂದು ಅಕ್ಷರ ಬದಲಾಯಿಸಿದರೂ ಬರೆಯಬೇಕು: ಯಾವ ಸಾಲು, ಏನು, ಯಾಕೆ, ಕೆಳಗೆ ಸಹಿ. 'ಯಾಕೆ' ಎಂಬ ಮನೆ ಖಾಲಿ ಬಿಟ್ಟರೆ ವಾಪಸು ಕೊಡುತ್ತಿದ್ದರು. ನನ್ನ ಕಥೆಯೆಲ್ಲ ಆ 'ಯಾಕೆ'ಯಲ್ಲಿದೆ.

ಮೂರನೆಯ ವರ್ಷ ಕ್ಯಾಂಟೀನಿನ ಪುಟ ಬರೆಯುವ ಕೆಲಸ ನನಗೆ ಬಂತು. ಕ್ಯಾಂಟೀನಿನೊಳಗೆ ಈಗ ಎಷ್ಟು ಮಂದಿ ಇದ್ದಾರೆಂದು ಅದೇ ಟಿವಿಯ ಒಂದು ಮೂಲೆಯಲ್ಲಿ ತೋರಿಸಬೇಕು, ಜಾಗವಿದ್ದರೆ ಹೋಗಿ ಊಟ ಮಾಡಲಿ ಎಂದು. ನಾನು ಅವರಿಂದ ಕಲಿತ ಹಾಗೆ ಚೆನ್ನಾಗಿ ಬೇಲಿ ಹಾಕಿದೆ. ಅವರಿಂದಲೇ ಕಲಿತ ಹಾಗೆ ಹೆಸರುಗಳನ್ನೂ ನಮ್ಮ ಮಾತಿನಲ್ಲೇ ಇಟ್ಟೆ. ಒಳಗಿರುವವರ ಸಂಖ್ಯೆಗೆ 'ಒಳಗ' ಎಂದೆ. ಅವರ ಗುಂಡಿಯ ಪುಟದಲ್ಲೂ ಆ ಸಂಖ್ಯೆಯ ಹೆಸರು 'ಒಳಗ'ವೇ. ಬೇಲಿ ಇದೆಯಲ್ಲ, ಏನಾಗುತ್ತದೆ ಎಂದುಕೊಂಡೆ.

ಎರಡು ತಪ್ಪು ಕೂಡಿದವು. ಬೇಲಿಯೊಳಗೆ ಹೆಸರಿಡುವಾಗ 'ವಾರ್' ಎಂಬ ಇಂಗ್ಲಿಷಿನ ಮೂರಕ್ಷರದ ಪದ ಮೊದಲು ಬರೆಯಬೇಕು. ಈ ಹೆಸರು ಇಲ್ಲೇ ಹುಟ್ಟಿದ್ದು ಎಂದು ಹೇಳುವ ಪದ ಅದು. ಅದನ್ನು ಬರೆಯದಿದ್ದರೆ ಬೇಲಿ ಎಷ್ಟು ಗಟ್ಟಿಯಿದ್ದರೂ ಹೆಸರು ಸದ್ದಿಲ್ಲದೆ ಓಣಿಗೆ ಹೋಗಿ ನಿಲ್ಲುತ್ತದೆ. ನಾನು ನಲವತ್ತೊಂದನೆಯ ಸಾಲಿನಲ್ಲಿ ಅದನ್ನು ಮರೆತೆ. ಅವರ ತಪ್ಪೂ ಒಂದಿತ್ತು. ಊರಿಗೆಲ್ಲ ಬೇಲಿಯ ಪಾಠ ಹೇಳುತ್ತಿದ್ದವರು ತಾವು ಎಲ್ಲಕ್ಕಿಂತ ಮೊದಲು ಬರೆದ ಆ ಗುಂಡಿಯ ಪುಟಕ್ಕೆ ಬೇಲಿಯನ್ನೇ ಹಾಕಿರಲಿಲ್ಲ. "ನಡಿಯಾಕತ್ತೈತಿ ತಂಗಿ. ಮುಟ್ಟಾಕ ಅಂಜಿಕಿ," ಎಂದಿದ್ದರು.

ಹಾಗಾಗಿ ಓಣಿಯಲ್ಲಿ ಇಬ್ಬರು ಪುಟ್ಟರಾದರು. ಗುಂಡಿಯ ಲೆಕ್ಕ ಐದು ನಿಮಿಷಕ್ಕೊಮ್ಮೆ ಬಂದು ಕೂರುತ್ತಿತ್ತು. ಕ್ಯಾಂಟೀನಿನ ಲೆಕ್ಕ ನಿಮಿಷಕ್ಕೊಮ್ಮೆ ಬಂದು ಅದನ್ನು ಒರೆಸುತ್ತಿತ್ತು. ಟಿವಿಯ ಮೇಲೆ ಅಂಕಿ ಕುಣಿಯತೊಡಗಿತು. ನಲವತ್ತು, ಹನ್ನೆರಡು, ಮತ್ತೆ ನಲವತ್ತು. ಅವರು ಎದ್ದು ಬಂದು ನನ್ನ ಮೇಜು ತಟ್ಟಿದರು.

"ಯಾಕ ಕುಣಿತೈತಿ?"

"ನೆಟ್ ಸರಿ ಇಲ್ರಿ ಸಾರ್," ಎಂದೆ. ನೋಡದೆಯೇ ಎಂದೆ. ಊಟದ ಹೊತ್ತಾಗಿತ್ತು, ಹಸಿವಾಗಿತ್ತು, ಅಷ್ಟೇ.

ಮೂರು ದಿನ ಏನೂ ಆಗಲಿಲ್ಲ. ಮಧ್ಯಾಹ್ನ ಮೂರಕ್ಕೆ ಕ್ಯಾಂಟೀನ್ ಖಾಲಿ, ಅದರ ಅಂಕಿ ಸೊನ್ನೆ. ಮೂರೂ ಇಪ್ಪತ್ತಕ್ಕೆ ಗುಂಡಿಯೂ ಖಾಲಿಯಾಗುತ್ತಿತ್ತು. ಟಿವಿ ತೋರಿಸುತ್ತಿದ್ದ ಸೊನ್ನೆ ಕ್ಯಾಂಟೀನಿನದು, ಆದರೂ ಅದು ನಿಜವೇ ಆಗಿತ್ತು. ಇಂಥ ಸುಳ್ಳನ್ನು ಯಾರು ಹಿಡಿಯುತ್ತಾರೆ?

ನಾಲ್ಕನೆಯ ದಿನ ಟಿವಿಯಲ್ಲಿ ಸೊನ್ನೆ ನೋಡಿ ಟೈಮ್ ಆಫೀಸಿನವನು ವಾಕಿಟಾಕಿಯಲ್ಲಿ "ಕ್ಲಿಯರ್" ಎಂದ. ಮೊದಲ ಸೈರನ್ ಉದ್ದಕ್ಕೆ ಕೂಗಿತು. ಎರಡನೆಯದು ಕೂಗಿದರೆ ಸಿಡಿತ. ಅವರು ಎಂದಿನಂತೆ ಹಲಗೆಯ ಮುಂದೆ ಬೆರಳಾಡಿಸುತ್ತಿದ್ದರು. ನಾನು ಬಾಗಿಲಲ್ಲಿ ನಿಂತಿದ್ದೆ. ಬೆರಳು ಒಂದು ಕಡೆ ನಿಂತಿತು. ಮುಂದೆ ಹೋಗಿ ಇನ್ನೊಂದು ಕಡೆ ನಿಂತಿತು. ಮೂಲೆಯಲ್ಲಿದ್ದ ಕೆಂಪು ಬಾವುಟ ಕಿತ್ತುಕೊಂಡು, ಐವತ್ತಾರು ವರ್ಷದ ಆ ಮನುಷ್ಯ ಗುಂಡಿಯ ಇಳಿಜಾರಿನಲ್ಲಿ ಓಡಿದರು. ಅವರು ಕೂಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಆಗಲೂ ಹೆಸರು ಕೂಗಲಿಲ್ಲ.

"ಇಪ್ಪತ್ತೇಳು! ಐವತ್ಮೂರು! ಇಪ್ಪತ್ತೇಳೂ!"

ಬಾವುಟ ಕಂಡು ಮೇಲಿನವರು ಎರಡನೆಯ ಸೈರನ್ ತಡೆದರು. ಇಬ್ಬರು ಡ್ರಿಲ್ ಯಂತ್ರದ ನೆರಳಿನಲ್ಲಿ ಕೆಟ್ಟ ಪೈಪು ಬಿಚ್ಚುತ್ತಾ ಕೂತಿದ್ದರಂತೆ. ಯಂತ್ರದ ಸದ್ದಿನಲ್ಲಿ ಮೊದಲ ಸೈರನ್ ಅವರಿಗೆ ಕೇಳಿಸಿರಲಿಲ್ಲ. ಇಬ್ಬರೂ ನಡೆದುಕೊಂಡೇ ಮೇಲೆ ಬಂದರು. ಇವರನ್ನು ಮಾತ್ರ ಎತ್ತಿಕೊಂಡು ಬರಬೇಕಾಯಿತು, ಬಿದ್ದು ಮಂಡಿಯ ಚಿಪ್ಪು ಒಡೆದಿತ್ತು. ನನಗೆ ಆ ರಾತ್ರಿಯೆಲ್ಲ ಜ್ವರ.

ನಲವತ್ತೊಂದನೆಯ ಸಾಲು ನನಗೆ ಮರುದಿನ ಬೆಳಿಗ್ಗೆಯೇ ಸಿಕ್ಕಿತು. ಮೂರಕ್ಷರ ಸೇರಿಸಿದರೆ ಮುಗಿಯಿತು. ಆದರೆ ರಿಜಿಸ್ಟರಿನಲ್ಲಿ 'ಯಾಕೆ' ಬರೆದು ಸಹಿ ಹಾಕಬೇಕಿತ್ತು. ಪೆನ್ನು ಹಿಡಿದು ಕೂತೆ, ಮುಚ್ಚಿಟ್ಟೆ. ಆ ದಿನಗಳಲ್ಲಿ ಟಿವಿ ಆರಿಸಿ, ಹಲಗೆ ನೋಡಿಯೇ ಸಿಡಿಸುತ್ತಿದ್ದರು. ಹತ್ತು ದಿನದ ಮೇಲೆ ಅವರು ಕೋಲೂರಿಕೊಂಡು ಬಂದಾಗ ವಿಚಾರಣೆ ನಡೆಯಿತು. ಮ್ಯಾನೇಜರು ತಪ್ಪು ಯಾರದೆಂದು ಕೇಳಿದರು. ನಾನು ಮೇಜಿನ ಮೇಲಿನ ಗಾಜನ್ನು ನೋಡುತ್ತಿದ್ದೆ.

"ನನ್ನ ಫೈಲಿಗೆ ಬೇಲಿ ಇರಲಿಲ್ರಿ," ಅಂದರು ಅವರು.

ಮೇಟ್ ತಾನೇ ಕಲಿತು ಬರೆದ ಪ್ರೋಗ್ರಾಮು, ಇನ್ನೇನಾದೀತು ಎಂದು ಮಾತಾಯಿತು. ಕಂಪ್ಯೂಟರ್ ಕೋಣೆಯಿಂದ ತೆಗೆದು, ನಿವೃತ್ತಿಯವರೆಗೆ ಬಿಲ್ಲೆ ಹಲಗೆಯ ಮುಂದೆ ಒಂದು ಸ್ಟೂಲು ಕೊಟ್ಟರು. ಹೋಗುವ ಮುಂಚೆ ತಮ್ಮ ಫೈಲಿಗೆ ಬೇಲಿ ಹಾಕಿ, ರಿಜಿಸ್ಟರಿನಲ್ಲಿ ಬರೆದು ಸಹಿ ಮಾಡಿದರು. ಆಮೇಲೆ ನನ್ನ ಮೇಜಿನ ಹತ್ತಿರ ಬಂದು ಎರಡು ಸಲ ತಟ್ಟಿದರು.

"ಬೇಲಿ ಹಾಕಿದ್ರ ಸಾಲಂಗಿಲ್ಲ ತಂಗಿ. ಒಳಗ ಹುಟ್ಟಬೇಕು," ಅಂದರು. ರಿಜಿಸ್ಟರನ್ನು ನನ್ನ ಮುಂದಿಟ್ಟು ಹೋದರು.

ಅವರು ನನ್ನ ಸಾಲನ್ನು ನೋಡಿದ್ದಾರೆಂದು ಆಗಲೇ ತಿಳಿಯಿತು. ತಿಳಿದೂ ನಾನು ಆ ಸಾಲನ್ನು ತಿದ್ದಲಿಲ್ಲ, ರಿಜಿಸ್ಟರಿನಲ್ಲಿ ಬರೆಯಲೂ ಇಲ್ಲ. ಅವರ ಬೇಲಿ ಬಂದ ಮೇಲೆ ಅಂಕಿ ಕುಣಿಯುವುದು ನಿಂತಿತ್ತು, ಇನ್ನು ನನ್ನದನ್ನು ಕೆದಕಿ ಏನು ಎಂದು ನನಗೆ ನಾನೇ ಹೇಳಿಕೊಂಡೆ. ನಾಚಿಕೆಗೇಡು, ಬೇರೆ ಮಾತಿಲ್ಲ. ಅವರು ನಿವೃತ್ತಿಯಾದರು, ನಾನೂ ಕೆಲಸ ಬಿಟ್ಟು ಹೊಸಪೇಟೆಯ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳಲು ಸೇರಿದೆ. ಪ್ರತಿ ವರ್ಷವೂ ಪುಟ್ಟನ ಉದಾಹರಣೆಯನ್ನೇ ಕೊಡುತ್ತೇನೆ. ಯಾರದೆಂದು ಹೇಳುವುದಿಲ್ಲ.

ಸುದ್ದಿ ಬಂದ ಮೇಲೆ ಮನೆಯವರನ್ನು ಮಾತಾಡಿಸಲು ಯಶವಂತನಗರಕ್ಕೆ ಹೋದೆ. ಅವರ ಹೆಂಡತಿ ಬಾಗಿಲ ಬಳಿ ಗೋಡೆಗೆ ಒರಗಿ ಕೂತಿದ್ದರು. ಚಹಾ ಕೊಡಿಸಿದರು.

"ಮೂರೂವರೀ ಆತು ಅಂದ್ರ ಅಂಗಳದಾಗ ಬಂದು ನಿಂದರತಿದ್ರವ್ವ," ಅಂದರು. "ಗುಡ್ಡದ ಕಡೆ ಮಾರಿ ಮಾಡಿ. ಢಂ ಅಂದಮ್ಯಾಲೂ ಒಳಗ ಬರ್ತಿರಲಿಲ್ಲ. ಏನ ಕೇಳ್ತೀರಿ ಅಂದ್ರ, ಅಂಬ್ಯುಲೆನ್ಸ್ ಸಪ್ಪಳ ಬರ್ತೈತೇನಂತ ಅಂತಿದ್ರು. ದಿನಾ. ಕಡೀ ದಿನಾನೂ."

ನಾನು ಲೋಟ ಕೆಳಗಿಟ್ಟೆ.

"ನಿನ್ನೂ ನೆನಸ್ತಿದ್ರು. ಒಂದು ಕೆಲಸ ಉಳದೈತಿ ಗಣ್ಯಾಗ, ಆಕೀಗೆ ಗೊತ್ತೈತಿ, ಆಕೀನ ಬಂದು ಮಾಡ್ತಾಳ ಬಿಡು, ಅಂತಿದ್ರು. ಏನವ್ವ ಅದು?"

"ಸಣ್ಣದು ಅಮ್ಮಾ," ಎಂದೆ. ಆಗ ಎರಡೂ ಮುಕ್ಕಾಲು. ಗುಡ್ಡದ ಮೇಲಿನ ಗಣಿಗೆ ಹೋಗುತ್ತಿದ್ದ ಕಂಪನಿ ಬಸ್ಸಿನ ಡ್ರೈವರು ಹಳೆಯ ಪರಿಚಯದವನು, ಹತ್ತಿಸಿಕೊಂಡ.

ಟೈಮ್ ಆಫೀಸಿನಲ್ಲಿ ಹೊಸಬನಿದ್ದ. ಮೊದಲು ಇಲ್ಲಿ ಕೆಲಸ ಮಾಡುತ್ತಿದ್ದೆ, ಒಂದು ಹಳೆಯ ರಿಜಿಸ್ಟರ್ ನೋಡಬೇಕು ಎಂದೆ. ಮರ್ಯಾದೆಯ ಹುಡುಗ, ಕುರ್ಚಿ ಕೊಟ್ಟ.

"ಬರ್ರಿ ಮೇಡಂ, ಕುಂದ್ರಿ. ಹಳೇ ರಿಜಿಸ್ಟರ್ ಎಲ್ಲಾ ತಗದುಬಿಟ್ಟಾರ. ಬೆಂಗಳೂರಾಗಿನವ್ರು ಬಂದಿದ್ರು. ಇದ್ದಬದ್ದ ಫೈಲೆಲ್ಲಾ ಕೂಡಿಸಿ ಒಂದ ಮಾಡಿ ಹೋದ್ರು. ಬ್ಯಾಡಾದ ಬ್ರಾಕೆಟ್ ಭಾಳ ಇದ್ವಂತ, ಎಲ್ಲಾ ಕ್ಲೀನ್ ಮಾಡ್ಯಾರ."

"ಬಿಲ್ಲೆ ಹಲಗಿ?"

"ಅದು ಗುಜರಿಗೆ ಹೋತ್ರಿ. ಎಲ್ಲಾ ಅದ್ರಾಗ ಐತಲ್ಲ," ಎಂದು ಹೊಸ ಟಿವಿಯ ಕಡೆ ಕೈ ತೋರಿಸಿದ.

ಟಿವಿಯ ಮೇಲೆ ಗುಂಡಿಯೊಳಗೆ ಒಂಬತ್ತು ಮಂದಿ ಎಂದಿತ್ತು. ನೋಡುತ್ತಿದ್ದ ಹಾಗೆ ಸೊನ್ನೆಯಾಯಿತು. ಸ್ವಲ್ಪ ಹೊತ್ತಿಗೆ ಏಳು. ಮತ್ತೆ ಸೊನ್ನೆ. ಬ್ರಾಕೆಟ್ ಕ್ಲೀನ್ ಮಾಡಿದವರು ಅವರ ಬೇಲಿಯನ್ನೇ ಕಿತ್ತಿದ್ದರು, ನನ್ನ ನಲವತ್ತೊಂದನೆಯ ಸಾಲು ಮಾತ್ರ ಹಾಗೇ ಉಳಿದಿತ್ತು.

"ಯಾಕ ಕುಣಿತೈತಿ ಅದು?"

"ನೆಟ್ ಸರಿ ಇಲ್ರಿ ಮೇಡಂ," ಎಂದ ಹುಡುಗ. ತಲೆ ಎತ್ತಲೂ ಇಲ್ಲ.

ಗಡಿಯಾರ ಮೂರೂ ಇಪ್ಪತ್ತೈದು ತೋರಿಸುತ್ತಿತ್ತು. ಅಂಕಿ ಸೊನ್ನೆಗೆ ಬಂದಾಗ ಹುಡುಗ ವಾಕಿಟಾಕಿ ಎತ್ತಿಕೊಂಡು ಕ್ಲಿಯರ್ ಎಂದ. ಮೊದಲ ಸೈರನ್ ಶುರುವಾಯಿತು.

"ನಿಲ್ಲಸಪ್ಪ," ಎಂದೆ. ಅವನಿಗೆ ಕೇಳಿಸಲಿಲ್ಲವೋ ಅರ್ಥವಾಗಲಿಲ್ಲವೋ, ನಕ್ಕ. ಅವನ ಕೈಯಿಂದ ವಾಕಿಟಾಕಿ ಕಸಿದುಕೊಂಡೆ. ಆ ಕಡೆ ಇರುವವರು ಯಾರೆಂದೂ ನನಗೆ ಗೊತ್ತಿರಲಿಲ್ಲ. "ಸಿಡಿಸಬ್ಯಾಡ್ರಿ. ಆ ಸೊನ್ನಿ ಸುಳ್ಳೈತಿ. ಅದನ್ನ ಬರದಾಕಿ ನಾನ. ತಪ್ಪು ನಂದು, ಅವತ್ತೂ ನಂದ ಇತ್ತು, ಮೇಟ್ ಸಾರ್‌ದು ಅಲ್ಲ," ಎಂದು ನನ್ನ ಹೆಸರು, ಊರು ಎಲ್ಲ ಹೇಳಿದೆ. ಆ ಕಡೆಯಿಂದ ಬಹಳ ಹೊತ್ತು ಬರೀ ಗರಗರ ಸದ್ದು. ಆಮೇಲೆ ಒಂದು ದನಿ "ಹೋಲ್ಡ್" ಎಂದಿತು. ಎರಡನೆಯ ಸೈರನ್ ಬರಲಿಲ್ಲ.

ಹುಡುಗನೂ ನಾನೂ ಗೇಟಿನ ಹೊರಗೆ ಬಂದು ನಿಂತೆವು. ಕೆಂಪು ಇಳಿಜಾರಿನಲ್ಲಿ ಏನೂ ಕಾಣಲಿಲ್ಲ. ಸುಮಾರು ಹೊತ್ತಿನ ಮೇಲೆ ತಿರುವಿನಲ್ಲಿ ಒಂದು ಹಳದಿ ಟೋಪಿ ಕಾಣಿಸಿತು. ಅದರ ಹಿಂದೆ ಇನ್ನೊಂದು. ನೀರಿನ ಕ್ಯಾನು ಹಿಡಿದುಕೊಂಡು ಇಬ್ಬರು ಆರಾಮಾಗಿ ಮಾತಾಡುತ್ತಾ ಮೇಲೆ ಬರುತ್ತಿದ್ದರು. ಹುಡುಗ ಹಿಂದೆ ತಿರುಗಿ ಟಿವಿ ನೋಡಿದ. ಸೊನ್ನೆಯೇ ಇತ್ತು.

"ಮೇಡಂ," ಎಂದ. "ಇನ್ನಾ ಎಷ್ಟು ಮಂದಿ ಅದಾರ್ರೀ ಒಳಗ?"

ನಾನು ಅಭ್ಯಾಸಬಲದಿಂದ ಗೋಡೆಯ ಕಡೆ ತಿರುಗಿದೆ. ಹಲಗೆ ಇದ್ದ ಜಾಗದಲ್ಲಿ ಹೊಸದಾಗಿ ಸುಣ್ಣ ಬಳಿದಿದ್ದರು. ನಾಲ್ಕು ಮೂಲೆಗೆ ನಾಲ್ಕು ತೂತು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ.